ಅಜ್ಜಿ ಏಳೋ ಆಟ

ಬೆಳಿಗ್ಗೆ ಎಂಟೂಕಾಲಿಗೆ ಪ್ರೇಮಲೀಲಾ ಚಪ್ಪಲಿ ಬಿಟ್ಟು ಶಿಶುವಿಹಾರದ ಹಜಾರದಲ್ಲಿ ಬರಿಗಾಲಲ್ಲಿ ನಡೆಯುತ್ತಾಳೆ. ಈ ಗೋಡೆಯಿಂದ ಆ ಗೋಡೆಗೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಈ ಗೋಡೆಗೆ, ಹೊಲ ಉಳುವವರ ಹಾಗೆ. ಆಯಾ ಮಹದೇವಮ್ಮ ಅಷ್ಟು ಹೊತ್ತಿಗೆ ಗುಡಿಸಿ ಒರೆಸಿ ಮುಗಿಸಿರುತ್ತಾಳೆ. ಆದರೂ ಅಂಗಾಲಿಗೆ ಒಂದು ಮರಳಿನ ಕಣವೋ ಮುರಿದ ಪೆನ್ಸಿಲ್ ಮೊನೆಯೋ ಸಿಕ್ಕೇ ಸಿಗುತ್ತದೆ.

"ನನ್ ಕಸಬರ್ಕೆ ಮೇಲೆ ನಂಬ್ಕೆನೇ ಇಲ್ಲ ನಿಮ್ಗೆ," ಎಂದು ಮಹದೇವಮ್ಮ ದಿನಾ ಗೊಣಗುತ್ತಾಳೆ.

"ಕಸಬರ್ಕೆ ಮೇಲಿದೆ ಕಣಮ್ಮ. ನೆಲದ ಮೇಲೆ ಇಲ್ಲ," ಎಂದು ಪ್ರೇಮಲೀಲಾ ದಿನಾ ಹೇಳುತ್ತಾಳೆ.

ಇಪ್ಪತ್ತೆರಡು ಮಕ್ಕಳು ಓಡುವ ನೆಲ ಅದು. ಒಂಟಿಕೊಪ್ಪಲಿನ ಅಡ್ಡರಸ್ತೆಯೊಂದರ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ಪಾರ್ವತಮ್ಮನವರು ಈ ಶಿಶುವಿಹಾರ ನಡೆಸುತ್ತಿದ್ದಾರೆ. ಆಟದ ಮೈದಾನವಿಲ್ಲ. ಗೇಟಿನ ಒಳಗೆ ನಾಲ್ಕು ಸ್ಕೂಟರ್ ನಿಲ್ಲುವಷ್ಟು ಅಂಗಳ, ಅಲ್ಲಿ ನಾಲ್ಕು ಸ್ಕೂಟರ್ ನಿಂತೂ ಇರುತ್ತವೆ. ಹಾಗಾಗಿ ಮೂರರಿಂದ ಐದು ವರ್ಷದ ಮಕ್ಕಳ ಓಟ, ನೆಗೆತ, ಉರುಳಾಟ ಎಲ್ಲವೂ ಹಜಾರದ ಕೆಂಪು ಗಾರೆಯ ಮೇಲೆಯೇ ನಡೆಯಬೇಕು. ಹದಿನಾರು ವರ್ಷದಿಂದ ಬೆಳಗಿನ ಮೊದಲ ಮುಕ್ಕಾಲು ಗಂಟೆ ಪ್ರೇಮಲೀಲಾಳದು.

ಅವಳ ಸಾಮಾನು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಿಡಿಸುತ್ತದೆ. ನೆಲಕ್ಕೆ ಅಂಟಿಸಿ ಅದರ ಮೇಲೆ ನಡೆಯಲು ಬಣ್ಣದ ಟೇಪು. ಸುರಂಗ ಮಾಡಿ ತೂರಲು ಒಂದು ಹಳೆಯ ಸೀರೆ. ತಲೆಯ ಮೇಲಿಟ್ಟು ಬೀಳಿಸದೆ ನಡೆಯಲು, ಹುಣಸೆಬೀಜ ತುಂಬಿ ಹೊಲಿದ ಅಂಗೈಯಗಲದ ಚೀಲಗಳು. ದಸರೆಗೆ ಮುಂಚೆ ಊರಿನ ರಸ್ತೆಗಳಲ್ಲಿ ಆನೆಗಳಿಗೆ ಮರಳುಮೂಟೆ ಹೊರಿಸಿ ನಡೆಸುವ ದಿನಗಳಲ್ಲಿ ಇಲ್ಲಿಯೂ ಮಕ್ಕಳು ಬೆನ್ನ ಮೇಲೆ ಹುಣಸೆಬೀಜದ ಚೀಲ ಹೊತ್ತು, ಅಂಬೆಗಾಲಿಟ್ಟು, ಬನ್ನಿಮಂಟಪದವರೆಗೆ ಹೋಗಿ ಬರುತ್ತವೆ. ಬನ್ನಿಮಂಟಪ ಎಂದರೆ ಹಜಾರದ ತುದಿಯ ಪುಸ್ತಕದ ಬೀರು.

ಪ್ರೇಮಲೀಲಾ ನಂಜನಗೂಡಿನ ಆಚೆಯ ಹಳ್ಳಿಯವಳು. ಹನ್ನೊಂದನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ಖೋ ಖೋ ಆಡಿದವಳು. ಅವಳಿಗೆ ಆಟ ಕಲಿಸಿದ ದೇವಯ್ಯ ಮೇಷ್ಟ್ರು ಹುಡುಗಿಯರು ಓಡುವುದನ್ನು ಅಷ್ಟಾಗಿ ನೋಡುತ್ತಿರಲಿಲ್ಲ. "ಓಡೋದಾದ್ರೆ ನಾಯೀನೂ ಓಡುತ್ತೆ," ಎನ್ನುತ್ತಿದ್ದರು. "ಕೂತೋಳು ಎಂಗೆ ಏಳ್ತಾಳೆ ಅನ್ನೋದ್ನ ನೋಡ್ಬೇಕು. ಏಳೋದ್ರಲ್ಲೇ ಹುಡ್ಗಿ ಗೊತ್ತಾಗ್ಬುಡ್ತಾಳೆ." ಬೆನ್ನಿಗೆ ಖೋ ಬೀಳುವ ಹೊತ್ತಿಗೆ ಹಿಮ್ಮಡಿ ನೆಲ ಬಿಟ್ಟಿರಬೇಕು ಎಂದು ಅವರು ಬಿಸಿಲಲ್ಲಿ ಕೂರಿಸಿ ಏಳಿಸಿ, ಕೂರಿಸಿ ಏಳಿಸಿ, ಅವಳ ಕಾಲುಗಳಿಗೆ ಕಲಿಸಿದ್ದರು. ನಲವತ್ತೆಂಟರಲ್ಲೂ ಪ್ರೇಮಲೀಲಾ ನೆಲದಿಂದ ಏಳುವಾಗ ಸೆರಗು ಕೂಡ ಅಲುಗುವುದಿಲ್ಲ.

ಅಂಥವಳ ಕಣ್ಣಿಗೆ ಅದು ಐದು ತಿಂಗಳು ಬೀಳಲಿಲ್ಲ.

*

ಶನಿವಾರ ಅವಳ ತರಗತಿಯಲ್ಲಿ 'ಆಟ ಕೊಡೋ ದಿನ'. ಒಂದು ಮಗು ಮುಂದೆ ಬಂದು ಮೈಯಲ್ಲಿ ಏನಾದರೂ ಒಂದು ಮಾಡಿ ತೋರಿಸಬೇಕು. ಉಳಿದವರು ಹಾಗೆಯೇ ಮಾಡಬೇಕು. ಆ ಆಟಕ್ಕೊಂದು ಹೆಸರಿಟ್ಟು, ರಟ್ಟಿನ ಮೇಲೆ ಮಗುವಿನ ಹೆಸರಿನೊಂದಿಗೆ ಬರೆದು ಗೋಡೆಗೆ ಅಂಟಿಸುತ್ತಾಳೆ. ಬೀರೇಶನ ಏಡಿ ನಡಿಗೆ. ಅಭಿಲಾಷನ ಮಿಕ್ಸಿ ತಿರುಗೋದು. ಗೋಡೆಯ ಮೇಲೆ ತನ್ನ ಆಟ ಇಲ್ಲದ ಮಗು ಇರಬಾರದು ಎಂಬುದು ಅವಳ ಹಟ.

ಭವ್ಯಶ್ರೀಯ ಆಟ ಆಗಸ್ಟಿನಲ್ಲಿ ಗೋಡೆ ಸೇರಿತ್ತು. ನಾಲ್ಕೂವರೆ ವರ್ಷದ ಹುಡುಗಿ, ಎರಡು ಜಡೆ, ತುಂಬಿದ ಕೆನ್ನೆ. ಅವಳದು 'ಅಜ್ಜಿ ಏಳೋದು'. ನೆಲಕ್ಕೆ ಎರಡು ಕೈ ಊರಿ, ಸೊಂಟ ಎತ್ತಿ, ಕೈಗಳನ್ನು ಮೊಣಕಾಲಿಗೆ ತಂದು, ಅಲ್ಲಿಂದ ತೊಡೆಗೆ ತಂದು, ಮೆಲ್ಲಗೆ ಮೇಲೇಳುವುದು. ಉಳಿದ ಮಕ್ಕಳು ಅದಕ್ಕೆ "ಅಯ್ಯಪ್ಪಾ, ಶಿವನೇ" ಎಂಬ ನರಳಾಟ ಸೇರಿಸಿದರು. ಇಪ್ಪತ್ತೆರಡು ಪುಟ್ಟ ಅಜ್ಜಿಯರು ಒಟ್ಟಿಗೆ ನರಳುತ್ತಾ ಏಳುವ ವಿಡಿಯೋ ತಂದೆತಾಯಿಯರ ವಾಟ್ಸಾಪ್ ಗುಂಪಿಗೆ ಹೋಯಿತು. ಮನೆಮನೆಯಲ್ಲೂ ನಕ್ಕರು. ಭವ್ಯಶ್ರೀಯನ್ನು ದಿನಾ ಕರೆತರುವ ಅವಳ ಅಜ್ಜಿ ಚಾಮುಂಡೇಶ್ವರಿಯವರಿಗೆ ಮಂಡಿನೋವು. ಸೋಮವಾರ ಅವರು ಗೇಟಿನಲ್ಲಿ ನಿಂತು, "ನೋಡಿ ಮಿಸ್ಸು, ಮನೇಲಿ ಕಾಫಿ ಕೊಡ್ತೀನಿ, ಇಲ್ಲಿ ಬಂದು ನನ್ನೇ ಅಣಕಿಸ್ತಾಳೆ," ಎಂದು ಸಂಭ್ರಮದಿಂದ ದೂರಿದ್ದರು.

ಸಂಕ್ರಾಂತಿಗೆ ಒಂಬತ್ತು ದಿನ ಇರುವಾಗ ಪ್ರೇಮಲೀಲಾ ಮಕ್ಕಳಿಗೆ ಖೋ ಶುರು ಮಾಡಿದಳು. ಸಾಲಾಗಿ ಕೂರುವುದು, ಬೆನ್ನು ತಟ್ಟಿಸಿಕೊಂಡವರು ಎದ್ದು ಓಡಿ ಬೀರು ಮುಟ್ಟಿ ಬರುವುದು, ಅಷ್ಟೇ. ಭವ್ಯಶ್ರೀ ಸಾಲಿನಲ್ಲಿ ಐದನೆಯವಳು. ಸರದಿ ಕಾಯಲಾರದೆ ಕೂತಲ್ಲೇ ಕುಣಿಯುತ್ತಿದ್ದಳು. ಪ್ರೇಮಲೀಲಾ ಬೆನ್ನು ತಟ್ಟಿದಳು.

"ಖೋ!"

ಹುಡುಗಿ ಮುಂದಕ್ಕೆ ಬಾಗಿ ಅಂಗೈಗಳನ್ನು ನೆಲಕ್ಕೆ ಊರಿದಳು. ಸೊಂಟ ಎತ್ತಿದಳು. ಒಂದು ಕೈ ಮೊಣಕಾಲಿಗೆ ಬಂತು, ಆಮೇಲೆ ಇನ್ನೊಂದು. ಅಲ್ಲಿಂದ ತೊಡೆಗೆ, ತೊಡೆಯ ಮೇಲಕ್ಕೆ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದಳು. ಆಮೇಲೆ ಓಡಿದಳು.

ಅವಳು "ಅಯ್ಯಪ್ಪಾ" ಅನ್ನಲಿಲ್ಲ. ಯಾರು ನಗುತ್ತಾರೆಂದು ತಿರುಗಿ ನೋಡಲಿಲ್ಲ. ಕೆಳತುಟಿ ಕಚ್ಚಿಕೊಂಡಿದ್ದಳು. ನಾಟಕ ಮಾಡುವ ಮಗುವಿಗೆ ಅಷ್ಟು ಅವಸರ ಇರುವುದಿಲ್ಲ.

ಪ್ರೇಮಲೀಲಾಳ ಕೈ ಗಾಳಿಯಲ್ಲೇ ನಿಂತಿತ್ತು.

"ಯಾಕೆ ಪ್ರೇಮಮ್ಮ, ಹಾಲು ಉಕ್ಕಿದ್ದು ನೋಡ್ದಂಗೆ ನಿಂತ್ಬುಟ್ರಿ?" ಎಂದು ಮಹದೇವಮ್ಮ ಅಡಿಗೆಮನೆ ಬಾಗಿಲಿಂದ ಕೇಳಿದಳು.

ಪ್ರೇಮಲೀಲಾ ಇನ್ನೊಂದು ಸುತ್ತು ಆಡಿಸಿದಳು. ಮತ್ತೆ ಹಾಗೆಯೇ. ಮೂರನೆಯ ಸಲ ಭವ್ಯಶ್ರೀಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಪುಟ್ಟಿ, ಈಗ ಅಜ್ಜಿ ಬೇಡ. ಈಗ ನೀನು ಮೊಲ. ಮೊಲ ಹೇಗೆ ಏಳುತ್ತೆ ತೋರ್ಸು," ಎಂದಳು.

ಭವ್ಯಶ್ರೀ ಕೈಗಳನ್ನು ನೆಲಕ್ಕೆ ಊರಿ, ಮೊಣಕಾಲು ಹಿಡಿದು, ತೊಡೆ ಹಿಡಿದು ಎದ್ದಳು.

"ಮೊಲಾನೂ ಹಿಂಗೇ ಮಿಸ್," ಎಂದಳು.

*

ಮಧ್ಯಾಹ್ನ ಮಕ್ಕಳು ಹೋದ ಮೇಲೆ ಪ್ರೇಮಲೀಲಾ ಬೀರುವಿಗೆ ಒರಗಿ ಕೂತು ಫೋನಿನಲ್ಲಿದ್ದ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ಹಾಕಿದಳು. ಡಿಸೆಂಬರ್, ನವೆಂಬರ್, ದಸರೆಯ ಆನೆ ನಡಿಗೆ. ಆನೆ ನಡಿಗೆಯಲ್ಲಿ ಭವ್ಯಶ್ರೀ ಎಲ್ಲರಿಗಿಂತ ಮುಂದಿದ್ದಳು. ಅಂಬೆಗಾಲಿಡುವಾಗ ಅವಳಿಗೆ ಯಾವ ಕಷ್ಟವೂ ಇಲ್ಲ. ನಡೆಯುವಾಗ ಮೈ ಅತ್ತಿಂದಿತ್ತ ತೂಗುತ್ತಿತ್ತು. ಅದಕ್ಕೇ ಅಲ್ಲವೇ ಬಾತುಕೋಳಿ ಆಟದಲ್ಲಿ ಅವಳನ್ನೇ ಮುಂದಿನ ಬಾತು ಮಾಡಿದ್ದು?

ಕೊನೆಗೆ ಆಗಸ್ಟಿನ ಮೊದಲ ವಿಡಿಯೋ ಬಂತು. ಅದನ್ನು ಅವಳು ಆಮೇಲೆ ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಭವ್ಯಶ್ರೀ ನೆಲದ ಮೇಲೆ ಕೂತಿದ್ದಾಳೆ. "ಬಾ ಪುಟ್ಟಿ, ನಿನ್ನ ಆಟ ಕೊಡು," ಎಂದು ಪ್ರೇಮಲೀಲಾಳ ದನಿ ಕರೆಯುತ್ತದೆ. ಮಗು ಏಳಲು ಹೊರಡುತ್ತದೆ. ನೆಲ, ಮೊಣಕಾಲು, ತೊಡೆ. ಇನ್ನೂ ಪೂರ್ತಿ ನಿಂತಿಲ್ಲ, ಅಷ್ಟರಲ್ಲಿ ಅದೇ ದನಿ ನಗುತ್ತಾ ಕೂಗುತ್ತದೆ: "ಅಯ್ಯೋ ನೋಡ್ರೋ, ನಮ್ಮ ಭವ್ಯ ಅಜ್ಜಿ ಥರ ಏಳ್ತಾಳೆ! ಎಲ್ರೂ ಮಾಡಿ, ಎಲ್ರೂ ಮಾಡಿ!"

ಮಗು ಒಂದು ಗಳಿಗೆ ಬೆಪ್ಪಾಗಿ ನಿಂತು, ಎಲ್ಲರೂ ನಗುವುದು ಕಂಡು, ತಾನೂ ನಗುತ್ತದೆ.

ಅವಳು ಆಟ ಕೊಡಲು ಬರುತ್ತಿದ್ದಳು. ಆಟ ಕೊಟ್ಟಿರಲಿಲ್ಲ. ಏನು ಕೊಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಳೋ ಅದನ್ನು ಯಾರೂ ಕೇಳಲಿಲ್ಲ.

ಪ್ರೇಮಲೀಲಾ ಫೋನನ್ನು ಮಗುಚಿ ನೆಲದ ಮೇಲಿಟ್ಟಳು. ಮತ್ತೆ ಎತ್ತಿಕೊಂಡು, ಮಕ್ಕಳು ತೊಡೆ ಹಿಡಿದು ಏಳುವುದು ಯಾಕೆ ಎಂದು ಹುಡುಕಿದಳು. ಎರಡು ಸಾಲು ಓದಿದಳು. ಸ್ನಾಯು, ವರ್ಷಗಳು, ಗಾಲಿಕುರ್ಚಿ ಎಂಬ ಮಾತುಗಳು ಕಂಡವು. ಮುಂದೆ ಓದದೆ ಮುಚ್ಚಿಬಿಟ್ಟಳು. ಮನೆಗೆ ಹೋಗುವ ದಾರಿಯಲ್ಲಿ ಕಂಡ ಮಕ್ಕಳೆಲ್ಲ ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ ಎಂದು ನೋಡುತ್ತಾ ಹೋದಳು. ತರಕಾರಿ ಗಾಡಿಯ ಹತ್ತಿರ ಒಂದು ಕೂಸು ಕೆಳಗೆ ಬಿದ್ದ ಟೊಮೆಟೊ ಹೆಕ್ಕಿ, ಎರಡು ಕೈಯಲ್ಲೂ ಒಂದೊಂದು ಹಿಡಿದು, ಸ್ಪ್ರಿಂಗಿನಂತೆ ಎದ್ದು ನಿಂತಿತು. ಅವಳಿಗೆ ಅಳು ಬಂತು.

*

"ನಾವು ಡಾಕ್ಟ್ರಲ್ಲ ಪ್ರೇಮ," ಎಂದರು ಪಾರ್ವತಮ್ಮ ಮಾರನೆಯ ಬೆಳಿಗ್ಗೆ. ಅವರ ಮೇಜಿನ ಮೇಲೆ ಮುಂದಿನ ವರ್ಷದ ಅಡ್ಮಿಷನ್ ಫಾರಂಗಳ ಕಟ್ಟು ಇತ್ತು. "ಹೋದ ವರ್ಷ ಒಂದು ಮಗೂಗೆ ಮಾತು ಲೇಟು ಅಂತ ಅವರ ಮನೆಯವ್ರಿಗೆ ಹೇಳಿ ಏನಾಯ್ತು? ನಮ್ಮ ಮಗೂನ ದಡ್ಡ ಅಂದ್ರು ಅಂತ ರಸ್ತೆ ತುಂಬಾ ಹೇಳ್ಕೊಂಡು ಬಂದ್ರು. ಮಾರ್ಚಲ್ಲಿ ರಿಪೋರ್ಟ್ ಕಾರ್ಡ್ ಕೊಡ್ತೀವಲ್ಲ, ಅದರಲ್ಲಿ ಒಂದು ಸಾಲು ಬರ್ದ್ರಾಯ್ತು."

"ಮಾರ್ಚಿಗೆ ಇನ್ನೂ ಎರಡು ತಿಂಗಳಿದೆ ಮೇಡಂ."

"ನಿಮಗೆ ಗ್ಯಾರಂಟಿನಾ?"

ಗ್ಯಾರಂಟಿ ಇರಲಿಲ್ಲ. ತಾನು ತಪ್ಪಾಗಿದ್ದರೆ ಒಂದು ಮನೆಯ ನೆಮ್ಮದಿಗೆ ಸುಮ್ಮನೆ ಕಲ್ಲು ಹಾಕಿದಂತೆ. ಸರಿಯಾಗಿದ್ದರೆ ಐದು ತಿಂಗಳು ಆಗಲೇ ಹೋಗಿದೆ. ಅವಳು ಎರಡನ್ನೂ ತೂಗಿ ತೂಗಿ, ಅದರ ಮರುದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಚಾಮುಂಡೇಶ್ವರಿಯವರನ್ನು ಪಕ್ಕಕ್ಕೆ ಕರೆದಳು. ಭವ್ಯಶ್ರೀಯ ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅಮ್ಮ ಅನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಕೆಲಸ ಮಾಡುತ್ತಾಳೆ. ಮಗುವಿನ ಊಟ, ನಿದ್ದೆ, ಸ್ನಾನ ಎಲ್ಲ ಅಜ್ಜಿಯದೇ. ಹೇಳುವುದಾದರೆ ಮೊದಲು ಅವರಿಗೇ ಹೇಳಬೇಕು.

"ಅಮ್ಮ, ಭವ್ಯ ಕೆಳಗಿಂದ ಏಳುವಾಗ ತೊಡೆ ಹಿಡ್ಕೊಂಡು ಏಳ್ತಾಳೆ. ಒಂದ್ಸಲ ಮಕ್ಕಳ ಡಾಕ್ಟ್ರಿಗೆ ತೋರಿಸಿದ್ರೆ..."

ಚಾಮುಂಡೇಶ್ವರಿಯವರು ನಕ್ಕರು. "ಅಯ್ಯೋ, ಅದು ನನ್ ನೋಡಿ ಕಲ್ತಿದ್ದು ಕಣಮ್ಮ. ಇಡೀ ಇಸ್ಕೂಲೇ ಮಾಡ್ತಲ್ಲ, ಮರ್ತ್‌ಬುಟ್ರಾ?"

"ಅದು ಆಟ ಅಲ್ಲ ಅನ್ಸುತ್ತೆ ಅಮ್ಮ ಈಗ. ಕಾಲಲ್ಲಿ ಶಕ್ತಿ ಕಮ್ಮಿ ಇದೆಯೋ ಏನೋ ಅಂತ..."

ಅಜ್ಜಿಯ ನಗು ನಿಂತಿತು. "ಶಕ್ತಿ ಕಮ್ಮಿನಾ? ದಿನಾ ತುಪ್ಪದನ್ನ ತಿನ್ಸಿ ಸಾಕಿದೀನಿ. ಮೆಟ್ಲು ಹತ್ತಿ ಸುಸ್ತಾಗ್ಬಾರ್ದು ಅಂತ ಈ ಮಂಡೀಲಿ ಎತ್ಕೊಂಡು ಹತ್ತೀನಿ. ಮಗೀಗೆ ಹಿಂಗೆಲ್ಲ ಬಾಯಿ ಹಾಕ್ಬೇಡಿ ಮಿಸ್ಸು. ಬಾರೇ." ಹುಡುಗಿಯನ್ನು ಸೊಂಟಕ್ಕೇರಿಸಿಕೊಂಡು ಅವರು ಹೊರಟೇ ಹೋದರು. ಭವ್ಯಶ್ರೀ ಹೆಗಲ ಮೇಲಿಂದ ಕೈ ಬೀಸುತ್ತಿದ್ದಳು.

ಮಾರನೆಯ ದಿನ ಮಗು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಪ್ರೇಮಲೀಲಾ ಅನುವಿಗೆ ಫೋನ್ ಮಾಡಿದಳು. ಅನುವಿನ ದನಿ ಮೆತ್ತಗೇ ಇತ್ತು. "ಅತ್ತೆ ಹೇಳಿದ್ರು ಮಿಸ್. ತುಂಬಾ ಬೇಜಾರಾಗಿದಾರೆ. ಹಬ್ಬ ಕಳೀಲಿ ಅಂತ ಬಿಟ್ಟಿದೀವಿ." ಆಮೇಲೆ, "ಆಟ ಅಂದಿದ್ದು ನೀವೇ ಅಲ್ವಾ ಮಿಸ್? ವಿಡಿಯೋ ಕಳ್ಸಿದ್ರಲ್ಲ. ನಮ್ಮಣ್ಣಂಗೂ ಕಳ್ಸಿದ್ದೆ ನಾನು," ಎಂದಳು.



ಬೆಳಗಿನ ನಡಿಗೆ ತಪ್ಪಲಿಲ್ಲ. ಆದರೆ ಅಂಗಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಒಂದು ದಿನ ಬೀರೇಶನ ಕಾಲಿಗೆ ಚೂಪು ಕಲ್ಲು ಚುಚ್ಚಿ ಅವನು ಅತ್ತಾಗ ಮಹದೇವಮ್ಮ ಗೊಣಗದೆ ಮತ್ತೊಮ್ಮೆ ಗುಡಿಸಿದಳು. ಮಕ್ಕಳು "ಮಿಸ್, ಅಜ್ಜಿ ಆಟ," ಎಂದು ಕೇಳಿದರೆ ಪ್ರೇಮಲೀಲಾ ಬೇರೆ ಏನೋ ಆಡಿಸುತ್ತಿದ್ದಳು. ಗೋಡೆಯ ರಟ್ಟನ್ನು ಕಿತ್ತು ಬುಟ್ಟಿಯ ತಳಕ್ಕೆ ಹಾಕಿದಳು. ಅದು ಇದ್ದ ಜಾಗದಲ್ಲಿ ಅಂಟಿನ ನಾಲ್ಕು ಕಲೆ ಉಳಿದವು.

*

ಸಂಕ್ರಾಂತಿಯ ಸಂಜೆ ಐದೂವರೆಗೆ ಬಾಗಿಲಲ್ಲಿ ಗೆಜ್ಜೆಯ ಸದ್ದಾಯಿತು. ಪ್ರೇಮಲೀಲಾಳ ಮನೆ ಶಿಶುವಿಹಾರದಿಂದ ಎರಡು ಅಡ್ಡರಸ್ತೆ ದೂರ. ಅವಳ ಗಂಡ ಪ್ರಭುಸ್ವಾಮಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ. ಭವ್ಯಶ್ರೀಯ ವಿಷಯ ಹೆಂಡತಿಯಿಂದ ಕೇಳಿದ್ದ ಅವನು ತಲೆಯೆತ್ತಿ, "ನಿನ್ನ ಹುಡ್ಗಿ ಬಂದ್ಳು ನೋಡು," ಎಂದ.

ಹಸಿರು ರೇಷ್ಮೆ ಲಂಗ, ತಲೆಗೆ ಕನಕಾಂಬರ, ಕೈಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ, ಒಂದು ತುಂಡು ಕಬ್ಬು. ಹಿಂದೆ ಚಾಮುಂಡೇಶ್ವರಿಯವರು ಮುಖ ಬಿಗಿದುಕೊಂಡು ನಿಂತಿದ್ದರು.

"ಹಬ್ಬದ ದಿನ ಎಳ್ಳು ಬೀರೋವಾಗ ಒಂದು ಮನೆ ಬುಡಬಾರ್ದು ಅಂತ ಬಂದೆ," ಎಂದರು. "ಇವ್ಳು ಬೇರೆ ಮಿಸ್ ಮನೆ ಮಿಸ್ ಮನೆ ಅಂತ ಜೀವ ತಿಂದ್‌ಬುಟ್ಳು. ಕೂರಲ್ಲ, ಇನ್ನೂ ಆರು ಮನೆ ಇದೆ."

"ಅರಿಶಿನ ಕುಂಕುಮ ಆದ್ರೂ ತಗೊಳ್ಳಿ ಅಮ್ಮ."

ಗೋಡೆಯ ಪಕ್ಕ ಎರಡು ಕುರ್ಚಿ ಖಾಲಿ ಇದ್ದವು. ಬಂದ ಬೇರೆ ಮಕ್ಕಳನ್ನೆಲ್ಲ ಪ್ರೇಮಲೀಲಾ ಅಲ್ಲಿಯೇ ಕೂರಿಸಿದ್ದಳು. ಈಗ ಅವಳು ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ಮಣೆ ತಂದು ನೆಲದ ಮೇಲೆ ಹಾಕಿದಳು. ಹಬ್ಬದ ದಿನ, ಹೊಸ ಬಟ್ಟೆಯ ಮಗುವನ್ನು ಪರೀಕ್ಷೆಗೆ ಕೂರಿಸುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.

ಭವ್ಯಶ್ರೀ ಲಂಗ ಹರಡಿಕೊಂಡು ಮಣೆಯ ಮೇಲೆ ಕೂತಳು. ಪ್ರೇಮಲೀಲಾ ಹಣೆಗೆ ಕುಂಕುಮ ಇಟ್ಟು, ಆರತಿ ಎತ್ತಿ, ಎಳ್ಳು ಬೆಲ್ಲ ತುಂಬಿದ ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟಳು. ತಟ್ಟೆಯ ನಡುವೆ ಸಕ್ಕರೆ ಅಚ್ಚಿನ ಗಿಳಿ.

"ಹೋಗು ಪುಟ್ಟಿ, ಆ ತಾತಂಗೆ ಎಳ್ಳು ಕೊಟ್ಟು ಬಾ. ತಟ್ಟೆ ಜೋಪಾನ."

ಭವ್ಯಶ್ರೀ ತಟ್ಟೆ ಹಿಡಿದು ಮುಂದಕ್ಕೆ ಬಾಗಿದಳು. ಸೊಂಟ ಏಳಲಿಲ್ಲ. ಒಂದು ಪಕ್ಕಕ್ಕೆ ವಾಲಿದಳು. ಇನ್ನೊಂದು ಪಕ್ಕಕ್ಕೆ ವಾಲಿದಳು. ಕಾಲು ಮಡಿಸಿ ಮೊಣಕಾಲ ಮೇಲೆ ನಿಂತಳು. ಅಲ್ಲಿಂದ ಒಂದು ಪಾದ ಊರಿದಳು. ಪಾದ ಊರಿಯೇ ಇತ್ತು. ಮೈ ಮೇಲೆ ಬರಲಿಲ್ಲ. ತಟ್ಟೆ ವಾಲಿ ಸಕ್ಕರೆ ಗಿಳಿ ಜಾರಿ ನೆಲಕ್ಕೆ ಬಿತ್ತು.

"ಅಜ್ಜಿ," ಎಂದಳು ಅವಳು, ಸಿಟ್ಟಿಲ್ಲದೆ, ಅಳದೆ. "ತಟ್ಟೆ ಹಿಡ್ಕೋ. ನಂಗೆ ಕೈ ಬೇಕು."

"ಕೈ ಯಾಕವ್ವ? ತಟ್ಟೆ ಹಿಡ್ಕೊಂಡೇ ಏಳು."

"ಕೈ ಇಲ್ದೆ ಹೆಂಗಜ್ಜಿ ಏಳ್ತಾರೆ?"

ಪ್ರಭುಸ್ವಾಮಿ ಪೇಪರ್ ಕೆಳಗಿಳಿಸಿದ. ಚಾಮುಂಡೇಶ್ವರಿಯವರು ಬಾಗಿ ತಟ್ಟೆ ತೆಗೆದುಕೊಂಡರು. ಮೊಮ್ಮಗಳು ಅಂಗೈಗಳನ್ನು ನೆಲಕ್ಕೆ ಊರಿ, ಮೊಣಕಾಲು ಹಿಡಿದು, ತೊಡೆ ಹಿಡಿದು, ಲಂಗದ ನೆರಿಗೆಯಲ್ಲಿ ಕೈ ಜಾರಿ, ಮತ್ತೆ ಹಿಡಿದು, ಎದ್ದು ನಿಂತಳು. ಅಜ್ಜಿ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಐದು ತಿಂಗಳಿಂದ ಕಂಡಿದ್ದೇ. ಈಗ ನೋಡಿದರು.

ಪ್ರೇಮಲೀಲಾ ನೆಲದಿಂದ ಎತ್ತಿಕೊಟ್ಟ ಗಿಳಿಯ ಮುರಿದ ಬಾಲವನ್ನು ಭವ್ಯಶ್ರೀ ಪ್ರಭುಸ್ವಾಮಿಗೆ ಕೊಡಲು ಹೋದಳು. ಚಾಮುಂಡೇಶ್ವರಿಯವರು ಖಾಲಿ ಕುರ್ಚಿಯಲ್ಲಿ ಕುಸಿದರು.

"ಯಾವಾಗಿಂದ?"

"ಆಗಸ್ಟಿಂದ ನನ್ನ ಕಣ್ಣ ಮುಂದೇನೇ ಇದೆ ಅಮ್ಮ. ನಾನೇ ಆಟ ಅಂದ್ಬುಟ್ಟೆ."

ಅಜ್ಜಿ ತಟ್ಟೆಯ ಎಳ್ಳನ್ನು ಬೆರಳಲ್ಲಿ ಸರಿ ಮಾಡಿದರು. "ನಾನೂ ನಕ್ಕೆ ಬುಡಮ್ಮ," ಎಂದರು. "ನನ್ ಥರಾನೇ ಏಳ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ನಕ್ಕೆ."

ಉಳಿದ ಆರು ಮನೆಗೆ ಅವರು ಹೋಗಲಿಲ್ಲ.

*

ಡಾಕ್ಟರು ಭವ್ಯಶ್ರೀಯನ್ನು ಮೂರು ಸಲ ನೆಲದ ಮೇಲೆ ಕೂರಿಸಿ ಏಳಿಸಿದರು. ಮಣಿಕಟ್ಟು ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು, ರಕ್ತ ಕಳಿಸಿದರು. ಸ್ನಾಯುವಿನ ಕಾಯಿಲೆ ಇದ್ದರೂ ಇರಬಹುದು, ಅದಾದರೆ ದಾರಿ ಬೇರೆ. ಬರೀ ಮೂಳೆಯ ಸತ್ವ ಕಡಿಮೆಯಾಗಿದ್ದರೂ ಹೀಗೆ ಆಗುತ್ತದೆ, ಅದಾದರೆ ಔಷಧಿ ಇದೆ. ಸೋಮವಾರ ಗೊತ್ತಾಗುತ್ತದೆ ಎಂದರು. ಇಷ್ಟನ್ನು ಅನು ಶನಿವಾರ ಮಧ್ಯಾಹ್ನ ಫೋನಿನಲ್ಲಿ ಹೇಳಿದಳು. 

ಭಾನುವಾರ ಪ್ರೇಮಲೀಲಾ ಹುಣಸೆಬೀಜದ ಚೀಲಗಳನ್ನೆಲ್ಲ ಮನೆಗೆ ತಂದು, ಹೊಲಿಗೆ ಬಿಚ್ಚಿ, ಬೀಜ ಒಣಗಿಸಿ, ಮತ್ತೆ ತುಂಬಿ ಹೊಲಿದಳು. ಆ ಕೆಲಸದ ಅಗತ್ಯ ಏನೂ ಇರಲಿಲ್ಲ. ದೇವಯ್ಯ ಮೇಷ್ಟ್ರು ಬದುಕಿದ್ದರೆ ಏನನ್ನುತ್ತಿದ್ದರು ಎಂದು ಯೋಚಿಸಿದಳು. ಏಳೋದ್ರಲ್ಲೇ ಹುಡ್ಗಿ ಗೊತ್ತಾಗ್ಬುಡ್ತಾಳೆ. ಅವಳಿಗೆ ಗೊತ್ತಾಗಿರಲಿಲ್ಲ. ಕುಂಟಿದ್ದನ್ನೂ ವಾಲಿದ್ದನ್ನೂ ಚೆಂದದ ಹೆಸರಿಟ್ಟು ಗೋಡೆಗೆ ಅಂಟಿಸುವುದೇ ಪ್ರೀತಿ ಎಂದುಕೊಂಡಿದ್ದಳು. ಹದಿನಾರು ವರ್ಷದಲ್ಲಿ ಹೀಗೆ ಇನ್ನೆಷ್ಟು ಮಕ್ಕಳಿಗೆ ಹೆಸರಿಟ್ಟೆನೋ ಎಂಬ ಯೋಚನೆ ಬಂದಾಗ ಸೂಜಿ ಬೆರಳಿಗೆ ಚುಚ್ಚಿತು.

ಸೋಮವಾರ ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. ಮಹದೇವಮ್ಮ ಒರೆಸುವುದನ್ನು ಬಿಟ್ಟು ಬಂದು ಪಕ್ಕದಲ್ಲಿ ನಿಂತಳು.

"ಸ್ನಾಯುವಿನ ಟೆಸ್ಟ್ ನಾರ್ಮಲ್ ಬಂದಿದೆ ಮಿಸ್," ಎಂದಳು ಅನು. "ವಿಟಮಿನ್ ಡಿ ತುಂಬಾ ತುಂಬಾ ಕಮ್ಮಿ ಇದೆಯಂತೆ. ಮೂಳೆ ಮೆತ್ತಗಾಗಿದೆ ಅಂದ್ರು. ಡ್ರಾಪ್ಸ್ ಕೊಟ್ಟಿದಾರೆ, ದಿನಾ ಬಿಸಿಲಲ್ಲಿ ಆಡಿಸಿ ಅಂದಿದಾರೆ." ಆಮೇಲೆ ಮೆಲ್ಲಗೆ, "ಸುಧಾರಿಸುತ್ತೆ ಅಂತಾರೆ. ಎಷ್ಟು ಅಂತ ಮೂರು ತಿಂಗಳ ಮೇಲೆ ನೋಡಿ ಹೇಳ್ತೀನಿ ಅಂದ್ರು. ಅತ್ತೆ ಜೊತೆ ಮಾತಾಡಿ."

ಚಾಮುಂಡೇಶ್ವರಿಯವರ ದನಿ ಬಂತು. "ಬಿಸ್ಲಿಗೆ ಕಪ್ಪಾಗ್ತಾಳೆ ಅಂತ ನಾನೇ ಹೊರಗೆ ಬುಡ್ತಿರ್ಲಿಲ್ಲ ಕಣಮ್ಮ. ಹಾಲು ಬೇಡ ಅಂದ್ರೆ ಹೋಗ್ಲಿ ಅಂತಿದ್ದೆ. ಎತ್ಕೊಂಡೇ ಹತ್ತಿಸ್ತಿದ್ದೆ, ಎತ್ಕೊಂಡೇ ಇಳಿಸ್ತಿದ್ದೆ. ಹಿಂಗೂ ಆಗುತ್ತೆ ಅಂತ ಯಾರಿಗ್ ಗೊತ್ತು?"

ಪ್ರೇಮಲೀಲಾ ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕೂತಳು. ಅಂದು ಏಳಲು ಅವಳಿಗೂ ಮಹದೇವಮ್ಮನ ಕೈ ಬೇಕಾಯಿತು.

*

ಮರುದಿನದಿಂದ ಬೆಳಗಿನ ಮುಕ್ಕಾಲು ಗಂಟೆ ಹಜಾರದಿಂದ ಅಂಗಳಕ್ಕೆ ಬಂತು. ಪಾರ್ವತಮ್ಮನವರು ಬೇಡ ಅನ್ನಲಿಲ್ಲ. ಕಚೇರಿಯಿಂದ ಎದ್ದು ಬಂದು ತಮ್ಮ ಸ್ಕೂಟರನ್ನು ತಾವೇ ರಸ್ತೆಗೆ ತಳ್ಳಿದರು. ಉಳಿದ ಮೂರು ಸ್ಕೂಟರುಗಳವರ ಜೊತೆ ಮಹದೇವಮ್ಮ ಜಗಳ ಆಡಿ ಗೆದ್ದಳು. "ನಿಮ್ ಗಾಡಿಗ್ ಯಾಕ್ರೀ ಬಿಸ್ಲು? ಅದಕ್ಕೇನ್ ಮೂಳೆ ಐತಾ?" ಎಂದು ಕೇಳಿದ್ದನ್ನು ಅಡ್ಡರಸ್ತೆಯೆಲ್ಲ ಕೇಳಿಸಿಕೊಂಡಿತು. ಅಂಗಳದ ಕಲ್ಲುಹಾಸನ್ನು ಈಗ ಪ್ರೇಮಲೀಲಾ ಎರಡು ಸಲ ಬರಿಗಾಲಲ್ಲಿ ನಡೆದು ನೋಡುತ್ತಾಳೆ.

ಭವ್ಯಶ್ರೀ ಗೇಟಿನ ಮೂರು ಮೆಟ್ಟಿಲನ್ನು ಅಜ್ಜಿಯ ಕೈ ಹಿಡಿದು ತಾನೇ ಹತ್ತುತ್ತಾಳೆ. ಅಜ್ಜಿ ಒಂದು ಮೆಟ್ಟಿಲಿಗೆ ನಿಂತು ಉಸಿರು ಬಿಡುವಾಗ ಅವಳೂ ನಿಲ್ಲುತ್ತಾಳೆ. ಪ್ರೇಮಲೀಲಾ ದಿನವೂ ನೋಡುತ್ತಾಳೆ. ನಿನ್ನೆಗಿಂತ ಇವತ್ತು ಹೆಚ್ಚು ಅನಿಸಿದರೆ ತನ್ನ ಆಸೆಯೇ ಹಾಗೆ ತೋರಿಸುತ್ತಿದೆಯೋ ಎಂದು ಅನುಮಾನಿಸುತ್ತಾಳೆ. ಕಡಿಮೆ ಅನಿಸಿದರೆ ಮರುದಿನ ಇನ್ನೂ ಬೇಗ ಗೇಟಿಗೆ ಬಂದು ನಿಲ್ಲುತ್ತಾಳೆ. ಇಪ್ಪತ್ತೊಂದು ಬೇರೆ ಮಕ್ಕಳನ್ನೂ ಈಗ ಅವಳು ಹಾಗೆಯೇ ನೋಡುತ್ತಾಳೆ. ನಕ್ಕ ಮೇಲೆ ಇನ್ನೊಮ್ಮೆ ನೋಡುತ್ತಾಳೆ.

ಮಾರ್ಚಿನ ಕೊನೆಯ ಶನಿವಾರ, ಬೇಸಿಗೆ ರಜೆಗೆ ಮುಂಚಿನ ಆಟ ಕೊಡೋ ದಿನ, ಭವ್ಯಶ್ರೀ ಗೋಡೆಯ ಮುಂದೆ ನಿಂತು ಅಂಟಿನ ನಾಲ್ಕು ಕಲೆಗಳನ್ನು ಬೆರಳಲ್ಲಿ ಮುಟ್ಟಿದಳು.

"ನನ್ನ ಆಟ ಎಲ್ಲಿ ಮಿಸ್?"

ಪ್ರೇಮಲೀಲಾ ಅವಳ ಪಕ್ಕ ಕೂತಳು. "ಅದು ನಾನು ಇಟ್ಟ ಹೆಸರು ಪುಟ್ಟಿ, ನಿನ್ನದಲ್ಲ. ಇವತ್ತು ನೀನೇ ಕೊಡು."

ಮಕ್ಕಳೆಲ್ಲ ಅಂಗಳದಲ್ಲಿ ಗುಂಡಗೆ ಕೂತರು. ಭವ್ಯಶ್ರೀಯೂ ಕೂತಳು. ಬಿಸಿಲು ಅವಳ ಎರಡು ಜಡೆಗಳ ನಡುವಿನ ಬೈತಲೆಯ ಮೇಲೆ ಬಿದ್ದಿತ್ತು. ಗೇಟಿನ ಆಚೆ ಚಾಮುಂಡೇಶ್ವರಿಯವರು ಮನೆಗೆ ಹೋಗದೆ ನಿಂತಿದ್ದರು.

"ಬಾ ಪುಟ್ಟಿ," ಎಂದಳು ಪ್ರೇಮಲೀಲಾ.

ಭವ್ಯಶ್ರೀ ಬಲಗೈಯನ್ನು ಮೊಣಕಾಲಿನ ಮೇಲೆ ಒತ್ತಿದಳು. ನೆಲ ಮುಟ್ಟಲಿಲ್ಲ. ಎಡಗೈ ಪಕ್ಕದಲ್ಲಿ ಗಾಳಿಯಲ್ಲಿ ಚಾಚಿಕೊಂಡಿತು, ಏನು ಮಾಡಬೇಕೆಂದು ತಿಳಿಯದ ಹಾಗೆ. ಅವಳು ಕೆಳತುಟಿ ಕಚ್ಚಿದಳು. ಕಾಲು ಸಣ್ಣಗೆ ನಡುಗಿತು. ಮೈ ಮೇಲೆ ಬಂತು.

ಬಾಯಿಗೆ ಬಂದ ಕೂಗನ್ನು ಪ್ರೇಮಲೀಲಾ ನುಂಗಿಕೊಂಡಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಕಾದಳು.

ಬೀರೇಶ ಕಾಯಲಿಲ್ಲ. "ಭವ್ಯ, ಇದು ಏನಾಟ?" ಎಂದು ಕೇಳಿದ.

ಭವ್ಯಶ್ರೀ ಲಂಗ ಕೊಡವಿಕೊಂಡು ಅವನನ್ನು ನೋಡಿದಳು.

"ಆಟ ಇನ್ನೂ ಶುರುವಾಗಿಲ್ಲ ಕಣೋ," ಎಂದಳು. "ಈಗ ಎದ್ದೆ, ಅಷ್ಟೇ."